ಗಂಡಮಾಲೆ ಎಂಬ ಹಳೆಯ ಹೆಸರು

ಆಯುರ್ವೇದ ಔಷಧದ ಅಂಗಡಿಗಳಲ್ಲಿ ಕಾಂಚನಾರ ಗುಗ್ಗುಲು ಎಂಬ ಗುಳಿಗೆ ಸಿಗುತ್ತದೆ. ಕೆಂಪು ಮಂದಾರದ ತೊಗಟೆ, ತ್ರಿಫಲ, ತ್ರಿಕಟು, ಗುಗ್ಗುಲು ಮುಂತಾದವನ್ನು ಕೂಡಿಸಿ ಮಾಡುವ ಈ ಗುಳಿಗೆಯ ಕ್ರಮ ಶಾರ್ಙ್ಗಧರ ಸಂಹಿತೆಯಲ್ಲಿದೆ. ಇದು ಯಾವ ಯಾವ ರೋಗಕ್ಕೆ ಮದ್ದು ಎಂದು ಆ ಗ್ರಂಥ ಹೇಳುವಾಗ ಮೊದಲು ಬರುವ ಹೆಸರು ಗಂಡಮಾಲೆ. ಇವತ್ತಿನ ಕನ್ನಡದಲ್ಲಿ ಈ ಪದ ಉಳಿದಿರುವುದು ಹೆಚ್ಚುಕಡಿಮೆ ವೈದ್ಯಗ್ರಂಥಗಳಲ್ಲಿ, ಔಷಧದ ಡಬ್ಬಿಗಳ ವಿವರಣೆಯಲ್ಲಿ ಮತ್ತು ನಿಘಂಟುಗಳ ಪುಟಗಳಲ್ಲಿ. ಆಡುಮಾತಿನಿಂದ ಅದು ಜಾರಿಹೋಗಿದೆ. ಕಾಲೇಜು ಓದುವ ಹುಡುಗರ ಮುಂದೆ ಹೇಳಿದರೆ ಅವರ ಕಿವಿಗೆ ಬೀಳುವುದು ಗಂಡ ಮತ್ತು ಹೂವಿನ ಮಾಲೆ, ಅಷ್ಟೆ.

ಆದರೆ ಹಿರಿಯರು ಗಂಡಮಾಲೆ ಎನ್ನುತ್ತಿದ್ದ ರೋಗ ಈಗಲೂ ನಮ್ಮ ಆಸ್ಪತ್ರೆಗಳ ಮಕ್ಕಳ ವಾರ್ಡಿಗೆ ಬರುತ್ತಲೇ ಇದೆ. ಏಳೆಂಟು ವರ್ಷದ ಮಗು. ಕುತ್ತಿಗೆಯ ಒಂದು ಪಕ್ಕದಲ್ಲಿ ಗಂಟು. ನೋವಿಲ್ಲ, ಮುಟ್ಟಿದರೆ ಬಿಸಿಯಿಲ್ಲ. ಮೊದಲು ಒಂದಿತ್ತು, ಈಗ ಮೂರು ನಾಲ್ಕಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಆ್ಯಂಟಿಬಯೋಟಿಕ್ ಸಿರಪ್ಪು ಎರಡು ಬಾಟಲಿ ಮುಗಿದರೂ ಕರಗಿಲ್ಲ. ಸಂಜೆಯಾದರೆ ಮೈ ಸ್ವಲ್ಪ ಬೆಚ್ಚಗಾಗುತ್ತದೆ, ಊಟ ಸೇರುವುದಿಲ್ಲ. ಸೂಜಿಯಿಂದ ಗಂಟಿನ ರಸ ತೆಗೆದು ಪರೀಕ್ಷಿಸಿದ ಮೇಲೆ ವೈದ್ಯರು 'ಟಿಬಿ' ಎನ್ನುತ್ತಾರೆ. ಆಗ ತಾಯಿ ಕೇಳುವ ಪ್ರಶ್ನೆ ಎಲ್ಲ ಊರಿನಲ್ಲೂ ಒಂದೇ: 'ಕೆಮ್ಮೇ ಇಲ್ವಲ್ಲ ಡಾಕ್ಟ್ರೇ, ಟಿಬಿ ಹೆಂಗಾಗುತ್ತೆ?'

ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಟಿಬಿ ಎಂದರೆ ಕೆಮ್ಮು, ಕಫ, ರಕ್ತ ಎಂದು ಅವಳಿಗೆ ಕಲಿಸಿದವರು ನಾವೇ. ಅವಳ ಮುತ್ತಜ್ಜಿಗೆ ಕುತ್ತಿಗೆಯ ಆ ಗಂಟುಗಳಿಗೆ ಒಂದು ಹೆಸರು ಗೊತ್ತಿತ್ತು, ಅದು ಸಾಮಾನ್ಯ ಬಾವಲ್ಲ ಎಂಬ ಭಯವೂ ಇತ್ತು. ಕ್ರಿಮಿ ಗೊತ್ತಿರಲಿಲ್ಲ, ಮದ್ದೂ ಗೊತ್ತಿರಲಿಲ್ಲ. ಈಗ ಕ್ರಿಮಿಯೂ ಗೊತ್ತು, ಮದ್ದೂ ಇದೆ, ಹೆಸರು ಮಾತ್ರ ಬಾಯಲ್ಲಿಲ್ಲ. ಈ ಅದಲುಬದಲು ಹೇಗಾಯಿತು ಎಂದು ತಿಳಿಯಲು ಪದದ ದಾರಿಯಲ್ಲೇ ಹಿಂದೆ ಹೋಗಬೇಕು.

ಮೊದಲಿಗೆ 'ಗಂಡ'. ಕನ್ನಡದಲ್ಲಿ ಎರಡು ಗಂಡಗಳಿವೆ. ಗಂಡು ಎಂಬುದರ ಬಳಗಕ್ಕೆ ಸೇರಿದ ಗಂಡ ನಮ್ಮದೇ ಮಾತು. ಪತಿ, ಶೂರ ಎಂಬ ಅರ್ಥಗಳು ಅದರವು. ಶಾಸನಗಳ ಬಿರುದುಗಳಲ್ಲಿ ಮೆರೆದದ್ದು ಅದೇ. ಇನ್ನೊಂದು ಸಂಸ್ಕೃತದಿಂದ ಬಂದದ್ದು: ಕೆನ್ನೆ, ಉಬ್ಬು, ಬಾವು, ಗಡ್ಡೆ ಎಂಬ ಅರ್ಥಗಳುಳ್ಳ ಗಂಡ. ಹಳಗನ್ನಡ ಕಾವ್ಯ ಓದಿದವರಿಗೆ ಆನೆಯ ಗಂಡಸ್ಥಲ ಚೆನ್ನಾಗಿ ಗೊತ್ತು. ಮದಜಲ ಸುರಿಯುವ ಆ ಉಬ್ಬಿದ ಕಪೋಲವೇ ಅದು. ಗಳದಲ್ಲಿ, ಅಂದರೆ ಗಂಟಲಿನ ಮುಂಭಾಗದಲ್ಲಿ ಏಳುವ ಗಂಡ ಗಳಗಂಡ. ಥೈರಾಯ್ಡ್ ಊತಕ್ಕೆ ನಮ್ಮ ಶಾಲಾ ಪಠ್ಯಗಳು ಈಗಲೂ ಬಳಸುವ ಮಾತು ಇದೇ. ಗಂಡಗಳು ಸಾಲುಗಟ್ಟಿದರೆ ಗಂಡಮಾಲಾ. ಶಾಲಾ ಎಂಬುದು ಶಾಲೆಯಾದಂತೆ, ಮಾಲಾ ಎಂಬುದು ಮಾಲೆಯಾದಂತೆ, ಕನ್ನಡಕ್ಕೆ ಬಂದಾಗ ಅದು ಗಂಡಮಾಲೆಯಾಯಿತು.

ಒಂಟಿ ಗಂಟಿಗೂ ಸಾಲುಗಂಟಿಗೂ ಇರುವ ಈ ಭೇದವನ್ನು ಚರಕಸಂಹಿತೆಯ ಚಿಕಿತ್ಸಾಸ್ಥಾನದ ಶ್ವಯಥು ಪ್ರಕರಣ, ಎಂದರೆ ಊತಗಳ ಅಧ್ಯಾಯ, ಸ್ಪಷ್ಟವಾಗಿ ಮಾಡುತ್ತದೆ: ಗಂಟಲ ಪಕ್ಕದಲ್ಲಿ ಒಂದೇ ಇದ್ದರೆ ಗಳಗಂಡ, ಹಲವಿದ್ದರೆ ಗಂಡಮಾಲೆ. ಸುಶ್ರುತನ ನಿದಾನಸ್ಥಾನ ಇನ್ನೂ ಹತ್ತಿರ ಹೋಗಿ ನೋಡುತ್ತದೆ. ಅಲ್ಲಿ ಈ ರೋಗಕ್ಕೆ ಅಪಚೀ ಎಂಬ ಹೆಸರಿದೆ. ದವಡೆಯ ಎಲುಬು, ಕಂಕುಳು, ಕೊರಳೆಲುಬು, ತೋಳಿನ ಸಂದು, ಕುತ್ತಿಗೆ, ಗಂಟಲು ಎಂದು ಜಾಗಗಳನ್ನು ಎಣಿಸಿ, ಗಂಟುಗಳ ಗಾತ್ರ ನೆಲ್ಲಿಕಾಯಿಯ ಬೀಜದಷ್ಟು, ಕೆಲವು ಮೀನಿನ ಮೊಟ್ಟೆಯ ಜಾಲದ ಹಾಗೆ ಎಂದು ಹೇಳುತ್ತದೆ. ನೋವು ಕಡಿಮೆ, ಒಡೆದು ಸೋರುತ್ತವೆ, ಕೆಲವು ಮಾಯವಾಗುತ್ತವೆ, ಅಷ್ಟರಲ್ಲಿ ಬೇರೆ ಏಳುತ್ತವೆ, ವರ್ಷಗಟ್ಟಲೆ ಹೀಗೇ ನಡೆಯುತ್ತದೆ ಎನ್ನುತ್ತದೆ. ಇವತ್ತಿನ ಮಕ್ಕಳ ವೈದ್ಯಶಾಸ್ತ್ರದ ಪಠ್ಯಪುಸ್ತಕ ಕುತ್ತಿಗೆಯ ಕ್ಷಯದ ಗಂಟುಗಳ ಬಗ್ಗೆ ಕೊಡುವ ವರ್ಣನೆಯ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ. ದುಗ್ಧರಸ ಗ್ರಂಥಿಗಳು ಇರುವ ಜಾಗಗಳೇ ಅವು. ಒಂದಕ್ಕೊಂದು ಹೆಣೆದುಕೊಂಡ ಗಂಟುಗಳು ಕ್ಷಯದ ಗುರುತೇ ಹೌದು. ನೋವಿಲ್ಲದ, ಬಿಸಿಯಿಲ್ಲದ ಬಾವನ್ನು ಇಂದಿನ ವೈದ್ಯರೂ ತಣ್ಣನೆಯ ಕುರು ಎಂದೇ ಕರೆಯುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಗಂಡಮಾಲೆಯೆಂದು ಕರೆಸಿಕೊಂಡದ್ದೆಲ್ಲವೂ ಕ್ಷಯವೇ ಆಗಿರಲಿಲ್ಲ. ಗ್ರಂಥಿಗಳ ಕ್ಯಾನ್ಸರು, ಹಲ್ಲಿನ ಹುಳುಕಿನಿಂದ ಬಂದ ಊತ ಎಲ್ಲವೂ ಆ ಹೆಸರಿನ ಮರೆಯಲ್ಲಿ ನಿಂತಿರಬಹುದು. ಸೂಕ್ಷ್ಮದರ್ಶಕವಿಲ್ಲದ ಕಾಲದ ಹೆಸರು ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬಲ್ಲದು.

ಅಪಚೀ ಎಂಬ ಹೆಸರು ಸುಶ್ರುತನಿಗಿಂತ ಬಹಳ ಹಳೆಯದು. ಅಥರ್ವವೇದದಲ್ಲಿ 'ಅಪಚಿತ್' ಎಂಬ ಗಂಟುಗಳನ್ನು ಓಡಿಸಲು ಹಲವು ಸೂಕ್ತಗಳಿವೆ. ಆರನೆಯ ಕಾಂಡದ ಒಂದು ಸೂಕ್ತ ಅವುಗಳನ್ನು ಎಣಿಸುತ್ತದೆ: ಹೆಗ್ಗತ್ತಿನಲ್ಲಿ ಐವತ್ತೈದು, ಕೊರಳಲ್ಲಿ ಎಪ್ಪತ್ತೇಳು, ಹೆಗಲಲ್ಲಿ ತೊಂಬತ್ತೊಂಬತ್ತು. ಮಂತ್ರದ ಲಯಕ್ಕಾಗಿ ಬಂದ ಸಂಖ್ಯೆಗಳಿವು, ನಿಜ. ಆದರೆ ಕೊರಳಿನ ಮೇಲೆ ಬೆರಳಾಡಿಸಿ, ಮೇಲಿನಿಂದ ಕೆಳಕ್ಕೆ, ಹಿಂದಿನಿಂದ ಹೆಗಲಿನವರೆಗೆ ಗಂಟುಗಳನ್ನು ತಡವಿ ನೋಡಿದವನ ಅನುಭವ ಅದರ ಹಿಂದಿದೆ. ಮಕ್ಕಳ ವೈದ್ಯರು ಈಗ ಮಾಡುವುದೂ ಅದನ್ನೇ. ಮಗುವನ್ನು ಕೂರಿಸಿ, ತಾವು ಹಿಂದೆ ನಿಂತು, ಎರಡೂ ಕೈಯ ಬೆರಳ ತುದಿಗಳನ್ನು ದವಡೆಯ ಕೆಳಗಿಟ್ಟು, ಕಿವಿಯ ಹಿಂದಕ್ಕೆ, ಅಲ್ಲಿಂದ ಕತ್ತಿನ ದಪ್ಪ ಸ್ನಾಯುವಿನ ಗುಂಟ ಇಳಿದು, ಕೊನೆಗೆ ಕೊರಳೆಲುಬಿನ ಹಿಂದಿನ ಗುಳಿಯನ್ನು ಮುಟ್ಟುತ್ತಾರೆ. ಆಮೇಲೆ ಕಂಕುಳು, ತೊಡೆಸಂದು. ಗಂಟು ಬೆರಳಿಗೆ ಜಾರುತ್ತದೆಯೇ, ಪಕ್ಕದ ಗಂಟಿಗೆ ಅಂಟಿದೆಯೇ, ಮೇಲಿನ ಚರ್ಮ ತೆಳುವಾಗಿ ನೇರಳೆಗೆ ತಿರುಗಿದೆಯೇ ಎಂದು ನೋಡುತ್ತಾರೆ. ಹಾಗೆ ತಿರುಗಿದ್ದರೆ ಕೆಲವೇ ದಿನಗಳಲ್ಲಿ ಅದು ಒಡೆದು ಗಟ್ಟಿ ಮೊಸರಿನಂಥ ಕೀವು ಬರುತ್ತದೆ. ಗಾಯ ತಿಂಗಳಾದರೂ ಮಾಯುವುದಿಲ್ಲ.

ನಮ್ಮ ಸುತ್ತಲಿನ ಭಾಷೆಗಳೂ ಈ ಪದವನ್ನು ಇಟ್ಟುಕೊಂಡವು. ತೆಲುಗಿನಲ್ಲಿ ಗಂಡಮಾಲ, ಮರಾಠಿಯಲ್ಲಿ ಗಂಡಮಾಳ, ತಮಿಳಿನಲ್ಲಿ ಕಂಡಮಾಲೈ. ಹಿಂದಿಯಲ್ಲಿ ಅದು ಕಂಠಮಾಲಾ. ಬಾವು ಎಂಬ ಅರ್ಥದ ಗಂಡ ಮರೆತುಹೋದಾಗ ಜನ ಕಂಠವನ್ನು ತಂದು ಆ ಜಾಗದಲ್ಲಿ ಕೂರಿಸಿದರು. ಪದ ಮತ್ತೆ ತಿಳಿಯುವಂತಾಯಿತು, ಬದುಕಿಕೊಂಡಿತು. ಕನ್ನಡದಲ್ಲಿ ಆ ರಿಪೇರಿ ಆಗಲಿಲ್ಲ. ನಮ್ಮ ಗಂಡ ಪತಿಯಾಗಿಯೇ ಉಳಿದ. ಗಂಡಮಾಲೆ ಬಳಕೆ ತಪ್ಪಲು ಇದೂ ಒಂದು ಕಾರಣ ಎಂದು ನನ್ನ ಎಣಿಕೆ. ದೊಡ್ಡ ಕಾರಣ ಬೇರೆ ಇದೆ, ಅದಕ್ಕೆ ಬರುತ್ತೇನೆ.

ಯೂರೋಪಿನಲ್ಲಿ ಇದೇ ರೋಗಕ್ಕೆ ಹಂದಿಯ ಹೆಸರಂಟಿತ್ತು. ಲ್ಯಾಟಿನ್ನಿನ ಸ್ಕ್ರೋಫುಲಾ ಎಂದರೆ ಮರಿ ಹೆಣ್ಣುಹಂದಿ; ಗ್ರೀಕರ ಹೆಸರೂ ಹಂದಿಯಿಂದಲೇ ಬಂದದ್ದು. ಇಂಗ್ಲೆಂಡಿನಲ್ಲಿ ಮತ್ತು ಫ್ರಾನ್ಸಿನಲ್ಲಿ ಅದನ್ನು 'ರಾಜನ ಕೇಡು' ಎಂದೂ ಕರೆದರು, ಪಟ್ಟಾಭಿಷಿಕ್ತ ರಾಜ ಮುಟ್ಟಿದರೆ ವಾಸಿಯಾಗುತ್ತದೆಂಬ ನಂಬಿಕೆಯಿಂದ. ಎರಡನೆಯ ಚಾರ್ಲ್ಸ್ ತನ್ನ ಆಳ್ವಿಕೆಯಲ್ಲಿ ಹತ್ತಾರು ಸಾವಿರ ಜನರನ್ನು ಹೀಗೆ ಮುಟ್ಟಿದ. ಮುಂದೆ ಇಂಗ್ಲಿಷ್ ನಿಘಂಟು ಬರೆದು ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್‌ನನ್ನು ಎರಡೂವರೆ ವರ್ಷದ ಮಗುವಾಗಿದ್ದಾಗ, 1712ರಲ್ಲಿ, ಅವನ ತಾಯಿ ಲಂಡನ್ನಿಗೆ ಹೊತ್ತೊಯ್ದು ರಾಣಿ ಆ್ಯನ್‌ಳಿಂದ ಮುಟ್ಟಿಸಿದಳು. ರಾಣಿ ಕೊಟ್ಟ ಚಿನ್ನದ ಬಿಲ್ಲೆಯನ್ನು ಅವನು ಬದುಕಿರುವವರೆಗೂ ಕೊರಳಲ್ಲಿ ಧರಿಸಿದ್ದ. ಗಂಟು ಮಾತ್ರ ಹೋಗಲಿಲ್ಲ. ಶಸ್ತ್ರಚಿಕಿತ್ಸೆಯ ಕಲೆ ಕುತ್ತಿಗೆಯ ಮೇಲೆ ಉಳಿಯಿತು, ಒಂದು ಕಣ್ಣು ಮಂಕಾಯಿತು. ಈ ರೋಗ ಹಾಲೂಡಿಸಿದ ದಾದಿಯಿಂದ ಬಂತೆಂದು ಒಬ್ಬ ವೈದ್ಯ ಅವನಿಗೆ ಹೇಳಿದ್ದ. ಮಗುವಿಗೆ ರೋಗ ಬರುವುದು ಅದನ್ನು ಎತ್ತಿ ಆಡಿಸುವ ದೊಡ್ಡವರಿಂದ ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತೆನ್ನುವುದು ನನಗೆ ಈ ಕತೆಯಲ್ಲಿ ಮುಖ್ಯವಾಗಿ ಕಾಣುತ್ತದೆ.

ಅಲ್ಲಿನ ಮಕ್ಕಳಿಗೆ ಇನ್ನೊಂದು ದಾರಿಯೂ ಇತ್ತು: ಕಾಯಿಸದ ಹಾಲು. ಕ್ಷಯ ಹಿಡಿದ ಹಸುವಿನ ಹಸಿ ಹಾಲು ಕುಡಿದ ಮಕ್ಕಳಿಗೆ ಕುತ್ತಿಗೆಯ ಗ್ರಂಥಿ ಮತ್ತು ಹೊಟ್ಟೆಯ ಕ್ಷಯ ಬರುತ್ತಿತ್ತು. ಹಾಲನ್ನು ಪಾಶ್ಚರೀಕರಿಸುವ ಪದ್ಧತಿ ಹರಡಿದ ಮೇಲೆ ಅದು ಇಳಿಯಿತು. ಹಾಲು ಕಾಯಿಸದೆ ಕುಡಿಯಬಾರದೆಂಬ ನಮ್ಮ ಅಡುಗೆಮನೆಯ ಕಟ್ಟಳೆ ಆ ಒಂದು ದಾರಿಯನ್ನು ಬಹುಮಟ್ಟಿಗೆ ಮುಚ್ಚಿಟ್ಟಿದೆ.

ಇನ್ನು ಕ್ಷಯ. ಆ ಪದಕ್ಕೆ ರೋಗಕ್ಕಿಂತ ದೊಡ್ಡ ಸಂಸಾರವಿದೆ. ಪಂಚಾಂಗದಲ್ಲಿ ಕ್ಷಯತಿಥಿ, ಕ್ಷಯಮಾಸ, ಚಂದ್ರನಿಗೆ ವೃದ್ಧಿ ಕ್ಷಯ, ಮುಗಿಯದ್ದು ಅಕ್ಷಯ. ಸವೆಯುವುದು, ಕುಂದುವುದು ಅದರ ಮೂಲ ಅರ್ಥ. ದಕ್ಷನ ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳನ್ನೇ ಮೆಚ್ಚಿಕೊಂಡಿದ್ದಕ್ಕೆ ಮಾವನ ಶಾಪದಿಂದ ಸವೆದನೆಂಬ ಕತೆಯನ್ನು ವೈದ್ಯಗ್ರಂಥಗಳೇ ಹೇಳುತ್ತವೆ. ರಾಜನಾದ ಸೋಮನನ್ನು ಹಿಡಿದದ್ದರಿಂದ ರಾಜಯಕ್ಷ್ಮ. ರೋಗಗಳ ರಾಜ ಎಂದೂ ಅರ್ಥ ಮಾಡಿದ್ದಾರೆ. ಕೆಮ್ಮು, ಜ್ವರ, ರಕ್ತ ಕಾರುವುದು, ಮೈ ಕರಗುವುದು ಇದರ ಲಕ್ಷಣಗಳು. ಅರಮನೆಯನ್ನೂ ಅದು ಬಿಡಲಿಲ್ಲ. ಕ್ಷಯಕ್ಕೆ ಬಲಿಯಾದ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಮೈಸೂರಿನ ಸ್ಯಾನಿಟೋರಿಯಂ ಇಂದಿಗೂ ಹೊತ್ತಿದೆ. ಊರಿನವರ ಬಾಯಲ್ಲಿ ಅದು ಪಿಕೆಟಿಬಿ.

ಗಮನಿಸಬೇಕಾದ್ದು ಇದು: ಗಂಡಮಾಲೆ ಮತ್ತು ರಾಜಯಕ್ಷ್ಮ ಹಳೆಯ ಗ್ರಂಥಗಳಲ್ಲಿ ಬೇರೆ ಬೇರೆ ಅಧ್ಯಾಯದ ಬೇರೆ ಬೇರೆ ರೋಗಗಳು. ಒಂದು ಊತಗಳ ಸಾಲಿನಲ್ಲಿ, ಇನ್ನೊಂದು ಮೈ ಒಣಗುವ ರೋಗಗಳ ಸಾಲಿನಲ್ಲಿ. ಯೂರೋಪಿನಲ್ಲೂ ಹೀಗೆಯೇ ಇತ್ತು. ಸ್ಟೆತಸ್ಕೋಪು ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್, 1819ರ ಹೊತ್ತಿಗೆ, ಶವಪರೀಕ್ಷೆಯಲ್ಲಿ ಎಲ್ಲ ಕಡೆಯೂ ಅದೇ ಸಣ್ಣ ಗಂಟುಗಳನ್ನು ನೋಡಿ ಇವೆಲ್ಲ ಒಂದೇ ರೋಗ ಎಂದ. ಜರ್ಮನಿಯ ದೊಡ್ಡ ಪಂಡಿತ ವಿರ್ಕೊ ಒಪ್ಪಲಿಲ್ಲ. ಜಗಳ ತೀರಿದ್ದು 1882ರ ಮಾರ್ಚ್ 24ರಂದು, ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ಕ್ರಿಮಿಯನ್ನು ತೋರಿಸಿದಾಗ. ಶ್ವಾಸಕೋಶದಲ್ಲಿದ್ದದ್ದೂ ಅದೇ, ಕುತ್ತಿಗೆಯ ಗಂಟಿನಲ್ಲಿದ್ದದ್ದೂ ಅದೇ. ಟ್ಯುಬರ್‌ಕ್ಯುಲೋಸಿಸ್ ಎಂಬ ಹೆಸರನ್ನು ಅದಕ್ಕೆ ಮೊದಲೇ, 1830ರ ದಶಕದಲ್ಲಿ, ಶೋನ್‌ಲೈನ್ ಎಂಬ ವೈದ್ಯ ಬಳಕೆಗೆ ತಂದಿದ್ದ. ಟ್ಯೂಬರ್ ಎಂದರೆ ಗೆಡ್ಡೆ. ಟ್ಯುಬರ್‌ಕಲ್ ಎಂದರೆ ಪುಟ್ಟ ಗೆಡ್ಡೆ. ಎಂದರೆ ಟಿಬಿ ಎಂಬ ಎರಡಕ್ಷರದೊಳಗೆ ಕೆಮ್ಮೂ ಇಲ್ಲ, ಎದೆಯೂ ಇಲ್ಲ, ಇರುವುದು ಗಂಟು. 'ಕತ್ತಲ್ಲಿ ಗೆಡ್ಡೆ ಎದ್ದೈತೆ' ಎನ್ನುವ ನಮ್ಮ ಹಳ್ಳಿಯ ಅಜ್ಜಿ ರೋಗದ ಹೆಸರಿಗೆ ಎಲ್ಲರಿಗಿಂತ ಹತ್ತಿರ ಇದ್ದಾಳೆ.

ಎರಡು ರೋಗ ಒಂದೇ ಎಂದಾದಾಗ ಎರಡು ಪದಗಳೂ ಒಂದರ ಪಕ್ಕ ಒಂದು ಉಳಿಯಬಹುದಿತ್ತು. ಹಾಗಾಗಲಿಲ್ಲ. ಕ್ಷಯ ಗಂಡಮಾಲೆಯನ್ನು ನುಂಗಿತು, ನುಂಗಿದ ಮೇಲೆ ತಾನೂ ಕಿರಿದಾಯಿತು. ಅದರ ಒಂದು ತಿರುವು ಕರ್ನಾಟಕದಲ್ಲೇ ಆಯಿತು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾದದ್ದು 1959ರಲ್ಲಿ. ಅಲ್ಲಿನ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಷಯವಿದ್ದವರಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧ ಜನ ಆಗಲೇ ವೈದ್ಯರ ಬಾಗಿಲು ತಟ್ಟಿದ್ದರು ಎಂದು ಅದು ತೋರಿಸಿತು. ಬಂದವರ ಕಫ ನೋಡಿದರೆ ಸಾಕು, ಊರೂರಿಗೆ ಎಕ್ಸ್‌ರೇ ಹೊತ್ತೊಯ್ಯಬೇಕಿಲ್ಲ. ಬಡ ದೇಶಕ್ಕೆ ಹೊಂದುವ ಈ ತಿಳಿವಳಿಕೆಯ ಮೇಲೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿತು. ನಿರ್ಧಾರ ಸರಿಯಾಗಿಯೇ ಇತ್ತು; ರೋಗ ಹರಡುವುದು ಕೆಮ್ಮುವ ದೊಡ್ಡವರಿಂದ, ಅವರನ್ನು ಮೊದಲು ಹಿಡಿಯಬೇಕು. ಆದರೆ ಅದರೊಂದಿಗೆ ಕೆಮ್ಮು ಕ್ಷಯದ ಹೆಬ್ಬಾಗಿಲಾಯಿತು. ಗೋಡೆಬರಹ, ರೇಡಿಯೋ ಜಾಹೀರಾತು, ಬಸ್ಸಿನ ಹಿಂಬದಿ ಎಲ್ಲ ಕಡೆಯೂ ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು. ಕಫ ಉಗುಳಲು ಬಾರದ ಮಗು, ಕೆಮ್ಮೇ ಇಲ್ಲದ ಮಗು ಆ ಬಾಗಿಲಿನ ಹೊರಗೇ ನಿಂತಿತು.

ಹೊರಗೆ ನಿಂತವರಿಗೆ ಕೊಟ್ಟ ಹೆಸರು 'ಶ್ವಾಸಕೋಶೇತರ ಕ್ಷಯ'. ವರದಿ, ನಮೂನೆ, ಸುತ್ತೋಲೆಗಳಲ್ಲಿ ಇದು ಕಾಣುತ್ತದೆ. ಪದ ವ್ಯಾಕರಣಕ್ಕೆ ಸರಿ, ಇಂಗ್ಲಿಷಿನ ಎಕ್ಸ್‌ಟ್ರಾ ಪಲ್ಮನರಿಗೂ ಸರಿ. ಮಗುವಿನ ತಾಯಿಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ. ರೋಗ ಎಲ್ಲಿ ಇಲ್ಲ ಎಂದು ತಿಳಿಸುವ ಹೆಸರಿನಿಂದ ಅದು ಎಲ್ಲಿ ಇದೆ ಎಂದು ಅವಳು ಹೇಗೆ ಹುಡುಕಬೇಕು?

ಅದು ಇರುವ ಜಾಗಗಳು ಹಲವು. ಮಕ್ಕಳ ಕ್ಷಯದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಶ್ವಾಸಕೋಶದ ಹೊರಗಿನದು. ದೊಡ್ಡ ಆಸ್ಪತ್ರೆಗಳಲ್ಲಿ ದಾಖಲಾಗುವ ಮಕ್ಕಳಲ್ಲಿ ಆ ಪಾಲು ಇನ್ನೂ ಹೆಚ್ಚು ಕಾಣುತ್ತದೆ, ಏಕೆಂದರೆ ಕಠಿಣವಾದವೆಲ್ಲ ಅಲ್ಲಿಗೇ ಬರುತ್ತವೆ. ಎಲ್ಲಕ್ಕಿಂತ ಹೆಚ್ಚು ಗ್ರಂಥಿಗಳದ್ದು, ಅದರಲ್ಲೂ ಕುತ್ತಿಗೆಯದ್ದು. ಆಮೇಲೆ ಪಕ್ಕೆಯಲ್ಲಿ ನೀರು ತುಂಬುವುದು, ಹೊಟ್ಟೆ, ಬೆನ್ನೆಲುಬು, ಕೀಲು. ಎಲ್ಲಕ್ಕಿಂತ ಭಯಂಕರವಾದದ್ದು ಮೆದುಳಿನ ಪೊರೆಯದ್ದು. ಐದು ವರ್ಷದೊಳಗಿನ, ಅದರಲ್ಲೂ ಎರಡು ವರ್ಷದೊಳಗಿನ ಮಗುವಿನಲ್ಲಿ ಕ್ರಿಮಿ ಉಸಿರಿನೊಡನೆ ಒಳಹೊಕ್ಕರೆ ಎಷ್ಟೋ ಸಲ ಎದೆಯಲ್ಲಿ ನಿಲ್ಲುವುದಿಲ್ಲ. ರಕ್ತ ಹಿಡಿದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಎಳೆಯ ಮೈಗೆ ಅದನ್ನು ಒಂದು ಮೂಲೆಯಲ್ಲಿ ಕಟ್ಟಿಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಈ ಪ್ರತಿಯೊಂದು ಜಾಗಕ್ಕೂ ಕನ್ನಡದಲ್ಲಿ ಹಳೆಯ ಹೆಸರೊಂದು ಇತ್ತು. ಹೊಟ್ಟೆಯಲ್ಲಿ ನೀರು ತುಂಬಿ ಕೈಕಾಲು ಸಣಕಲಾದರೆ ಜಲೋದರ. ಬೆನ್ನುಮೂಳೆ ಕುಸಿದು ಬಾಗಿದರೆ ಗೂನು; ಆ ಗೂನಿನೊಂದಿಗೆ ಕಾಲು ಸೋಲುವುದನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ್ದರಿಂದ ಬೆನ್ನೆಲುಬಿನ ಕ್ಷಯಕ್ಕೆ ಅವನ ಹೆಸರು ನಿಂತಿದೆ. ಮಗು ಕಾರಣವಿಲ್ಲದೆ ಬಡಕಲಾಗಿ, ಕಣ್ಣು ಮೇಲೆ ಸಿಕ್ಕಿಸಿ, ಫಿಟ್ಸ್ ಬಂದು ಮಲಗಿಬಿಟ್ಟರೆ ಬಾಲಗ್ರಹ. ಸುಮಾರು 1200ರ ಹೊತ್ತಿಗೆ ದೇವೇಂದ್ರಮುನಿ ಎಂಬ ಜೈನ ಕವಿ 'ಬಾಲಗ್ರಹಚಿಕಿತ್ಸೆ' ಎಂಬ ಗ್ರಂಥವನ್ನು ಕನ್ನಡದಲ್ಲೇ ಬರೆದಿದ್ದಾನೆಂದರೆ ಮಕ್ಕಳ ಕಾಯಿಲೆಗೆಂದೇ ಬೇರೆ ಪುಸ್ತಕ ಬೇಕೆಂದು ಆಗಲೇ ಕಂಡಿತ್ತು. ಈ ಹೆಸರುಗಳಾವುವೂ ಕ್ಷಯ ಒಂದರ ಹೆಸರಲ್ಲ. ಆದರೆ ಈ ಒಂದೊಂದು ಹೆಸರಿನ ಕೆಳಗೂ ಕಾಕ್ ತೋರಿಸಿದ ಕ್ರಿಮಿಯ ಪಾಲು ಸ್ವಲ್ಪ ಸ್ವಲ್ಪ ಇದ್ದೇ ಇತ್ತು.

ಮೆದುಳಿನ ಕ್ಷಯದ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಎಡಿನ್‌ಬರೋದ ವೈದ್ಯ ರಾಬರ್ಟ್ ವಿಟ್‌ನ ಪುಸ್ತಕ 1768ರಲ್ಲಿ, ಅವನು ತೀರಿಕೊಂಡ ಮೇಲೆ, ಹೊರಬಂತು. ಮೆದುಳಿನಲ್ಲಿ ನೀರು ತುಂಬಿ ಸಾಯುವ ಮಕ್ಕಳ ಸ್ಥಿತಿಯನ್ನು ಅವನು ನಾಡಿಯ ವೇಗ ನೋಡಿ ಮೂರು ಹಂತ ಮಾಡಿದ. ಮೊದಲು ಮಗು ಮಂಕಾಗುತ್ತದೆ, ತಿನ್ನುವುದಿಲ್ಲ, ವಾಂತಿ, ಸಣ್ಣ ಜ್ವರ. ನಂತರ ನಾಡಿ ನಿಧಾನ, ತಲೆನೋವು, ಬೆಳಕು ನೋಡಲಾರದು, ಮೆಳ್ಳಗಣ್ಣು. ಕೊನೆಗೆ ಎಚ್ಚರ ತಪ್ಪುತ್ತದೆ. ಅದು ಕ್ಷಯವೆಂದು ಅವನಿಗೆ ಗೊತ್ತಿರಲಿಲ್ಲ, ಆದರೆ ಅವನು ಹೇಳಿದ ಕ್ರಮ ಇಂದಿಗೂ ಹಾಗೆಯೇ ಇದೆ. ಮೊದಲ ಹಂತದಲ್ಲಿ ಬರುವ ಮಗುವಿಗೆ ದೃಷ್ಟಿ ತೆಗೆಯುತ್ತಾರೆ, ಗಾಳಿ ಸೋಕಿದೆ ಎನ್ನುತ್ತಾರೆ, ಹಲ್ಲು ಬರುತ್ತಿದೆ ಎನ್ನುತ್ತಾರೆ, ವಾಂತಿ ನಿಲ್ಲುವ ಔಷಧ ಕೊಡುತ್ತಾರೆ. ಎರಡು ಮೂರು ವಾರ ಹೀಗೆ ಕಳೆದು, ಫಿಟ್ಸ್ ಬಂದ ರಾತ್ರಿ ಆಸ್ಪತ್ರೆಗೆ ಓಡುತ್ತಾರೆ. ಬೆನ್ನಿನ ನೀರು ತೆಗೆದು ಗಾಜಿನ ನಳಿಕೆಯಲ್ಲಿ ಅಲ್ಲಾಡಿಸದೆ ಇಟ್ಟರೆ ಕೆಲವು ಸಲ ಅದರೊಳಗೆ ತೆಳ್ಳನೆಯ ಪೊರೆಯೊಂದು ಹೆಣೆದುಕೊಳ್ಳುತ್ತದೆ. ವೈದ್ಯರು ಅದನ್ನು ಜೇಡರಬಲೆ ಎಂದೇ ಕರೆಯುತ್ತಾರೆ. ಅಷ್ಟು ಹೊತ್ತಿಗೆ ಬಹಳ ತಡವಾಗಿರುತ್ತದೆ. ಚಿಕಿತ್ಸೆ ಸಿಕ್ಕಿದರೂ ಐದು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಉಳಿಯುವುದಿಲ್ಲ. ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ನಡಿಗೆ, ಮಾತು, ಕಿವಿ, ಕಲಿಕೆ ಯಾವುದಾದರೊಂದರಲ್ಲಿ ಕುಂದು ಉಳಿಯುತ್ತದೆ.

ಹುಟ್ಟಿದ ಕೂಡಲೇ ಎಡಗೈ ತೋಳಿಗೆ ಹಾಕುವ ಬಿಸಿಜಿ ಚುಚ್ಚುಮದ್ದು ಇರುವುದು ಮುಖ್ಯವಾಗಿ ಇದಕ್ಕೇ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲವೆಂದು ತಮಿಳುನಾಡಿನ ಚೆಂಗಲ್‌ಪಟ್ಟಿನಲ್ಲಿ ನಡೆದ ದೊಡ್ಡ ಪ್ರಯೋಗ ತೋರಿಸಿತು. ಆದರೆ ಎಳೆ ಮಕ್ಕಳಿಗೆ ಮೆದುಳಿನ ಕ್ಷಯ ಬರದಂತೆ, ಮೈಯೆಲ್ಲ ಹರಡದಂತೆ ಅದು ಬಹುಮಟ್ಟಿಗೆ ಕಾಯುತ್ತದೆ, ಪೂರ್ತಿಯಾಗಿ ಅಲ್ಲ. ತೋಳಿನ ಮೇಲಿನ ಆ ಪುಟ್ಟ ಕಲೆ ಇದ್ದ ಮಾತ್ರಕ್ಕೆ ಕ್ಷಯ ಬರುವುದೇ ಇಲ್ಲ ಎಂದುಕೊಳ್ಳಬಾರದು. ಚುಚ್ಚುಮದ್ದಿನ ಕೆಲವು ವಾರಗಳ ನಂತರ ಕೆಲವು ಕೂಸುಗಳ ಎಡ ಕಂಕುಳಲ್ಲಿ ಒಂದು ಗಂಟು ಏಳುತ್ತದೆ. ಅದು ಲಸಿಕೆಯದ್ದು, ಸಾಮಾನ್ಯವಾಗಿ ತಾನಾಗಿಯೇ ಅಡಗುತ್ತದೆ, ವೈದ್ಯರಿಗೆ ತೋರಿಸಿ ಸುಮ್ಮನಿದ್ದರೆ ಸಾಕು.

ಟಿಬಿ ಎಂಬ ಮಾತಿಗೆ ಅಂಟಿರುವ ಕಳಂಕದ್ದು ಇನ್ನೊಂದು ಕಷ್ಟ. ಹೆಣ್ಣುಮಗುವಿಗೆ ಕುತ್ತಿಗೆಯಲ್ಲಿ ಗಂಟಾದರೆ 'ಗಂಟು' ಎಂದಷ್ಟೇ ಹೇಳಿ, ಮುಂದೆ ಮದುವೆಗೆ ತೊಂದರೆಯಾದೀತೆಂದು ಕಾಯಿಲೆಯ ಹೆಸರನ್ನು ಮುಚ್ಚಿಡುವ ಮನೆಗಳು ಇವೆ. ಶಾಲೆ ಬಿಡಿಸಿ ತಟ್ಟೆ ಲೋಟ ಬೇರೆ ಮಾಡುವವರೂ ಇದ್ದಾರೆ. ಅವರಿಗೆ ಸ್ಪಷ್ಟವಾಗಿ ತಿಳಿಯಬೇಕು: ಕುತ್ತಿಗೆಯ ಗಂಟಿನ ಕ್ಷಯ ಒಬ್ಬರಿಂದ ಇನ್ನೊಬ್ಬರಿಗೆ ಉಸಿರಿನಿಂದ ಹರಡುವುದಿಲ್ಲ. ಶ್ವಾಸಕೋಶದಲ್ಲೂ ರೋಗವಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಮೈಯಲ್ಲಿ ಚೈತನ್ಯವಿದ್ದರೆ, ಆ ಮಗು ಶಾಲೆಗೆ ಹೋಗಬಹುದು, ಎಲ್ಲರ ಜತೆ ಉಣ್ಣಬಹುದು. ಹುಡುಕಬೇಕಾದ್ದು ಮಗುವಿಗೆ ರೋಗ ಕೊಟ್ಟವರನ್ನು. ಅಜ್ಜ, ಚಿಕ್ಕಪ್ಪ, ಪಕ್ಕದ ಮನೆಯವರು, ಮನೆಪಾಠದ ಮೇಷ್ಟ್ರು, ಯಾರೋ ಒಬ್ಬರು ಕೆಮ್ಮುತ್ತಿರುತ್ತಾರೆ. ಮಗುವಿನ ಗಂಟು ಕಂಡರೆ ಮನೆಯವರೆಲ್ಲರ ಪರೀಕ್ಷೆ ಆಗಲೇಬೇಕು.

ಚಿಕಿತ್ಸೆ ಈಗ ಸರಳ. ಗಂಟಿನ ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಮೂಳೆ ಮತ್ತು ಮೆದುಳಿನದಕ್ಕೆ ಸುಮಾರು ಒಂದು ವರ್ಷ. ಸರಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ರೋಗಿಗಳನ್ನು ನೋಂದಾಯಿಸುವ ಸರಕಾರದ ವ್ಯವಸ್ಥೆಯ ಹೆಸರು ನಿಕ್ಷಯ್. ಅದರಡಿ ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಗಂಟನ್ನು ಕೊಯ್ದು ತೆಗೆಸಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ. ಮಾತ್ರೆ ಶುರುವಾದ ಮೊದಲ ತಿಂಗಳುಗಳಲ್ಲಿ ಗಂಟು ಕೆಲವೊಮ್ಮೆ ಇನ್ನೂ ದಪ್ಪವಾಗುತ್ತದೆ. ಅದನ್ನು ಕಂಡು ಮದ್ದು ಹಿಡಿಯಲಿಲ್ಲವೆಂದು ಮಾತ್ರೆ ಬಿಟ್ಟು, ಸೊಪ್ಪು ಅರೆದು ಕಟ್ಟುವವರ, ಬರೆ ಹಾಕುವವರ ಬಳಿ ಹೋಗುವುದೇ ಅಪಾಯ. ಹೀಗಾದಾಗ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತೋರಿಸಬೇಕು.

ಗಂಡಮಾಲೆ ಎಂಬ ಪದವನ್ನೇ ಮತ್ತೆ ಬಳಕೆಗೆ ತರಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಗಂಟಿನ ಟಿಬಿ, ಬೆನ್ನಿನ ಟಿಬಿ, ಹೊಟ್ಟೆ ಟಿಬಿ, ಮೆದುಳಿನ ಟಿಬಿ ಎಂದು ನರ್ಸುಗಳೂ ಆಶಾ ಕಾರ್ಯಕರ್ತೆಯರೂ ಈಗಲೇ ಹೇಳುವ ಮಾತುಗಳು ಚೆನ್ನಾಗಿವೆ. ಜಾಗವನ್ನು ಬೆರಳಿಟ್ಟು ತೋರಿಸುವ ಗುಣ ಅವುಗಳಲ್ಲಿದೆ. ಶ್ವಾಸಕೋಶೇತರ ಎಂಬುದು ಕಚೇರಿಯ ಕಡತದಲ್ಲಿರಲಿ. ಗೋಡೆಬರಹಕ್ಕೆ, ಅಂಗನವಾಡಿಯ ಚಿತ್ರಪಟಕ್ಕೆ, ಶಾಲೆಯ ಆರೋಗ್ಯ ತಪಾಸಣೆಯ ಹಾಳೆಗೆ ಈ ಸರಳ ಹೆಸರುಗಳು ಬರಲಿ. ಕೆಮ್ಮಿನ ಪಕ್ಕದಲ್ಲಿ ಗಂಟಿಗೂ ಒಂದು ಸಾಲು ಸಿಗಲಿ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ಮಕ್ಕಳಿಗೆ ಎಣ್ಣೆ ಹಚ್ಚುವಾಗ, ತಲೆ ಬಾಚುವಾಗ ಕುತ್ತಿಗೆಯನ್ನು ಒಮ್ಮೆ ತಡವಿ ನೋಡಿ. ಗಂಟಲು ನೋವಿನ ಜತೆ ಬಂದು ಹೋಗುವ ಸಣ್ಣ ಗಂಟುಗಳಿಗೆ ಹೆದರಬೇಕಾದ್ದಿಲ್ಲ, ಮಕ್ಕಳಲ್ಲಿ ಅವು ಸಾಮಾನ್ಯ. ಎರಡು ಸೆಂಟಿಮೀಟರಿಗಿಂತ ದಪ್ಪದ ಗಂಟು ಎರಡು ವಾರ ಕಳೆದರೂ ಇಳಿಯದಿದ್ದರೆ, ಜತೆಗೆ ಮಗುವಿನ ತೂಕ ಏರದಿದ್ದರೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿದ್ದರೆ, ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 'ಕೆಮ್ಮಿಲ್ಲ, ಆದರೂ ಟಿಬಿ ಪರೀಕ್ಷೆ ಮಾಡಿ' ಎಂದು ನೀವೇ ಕೇಳಿ.